ಬರಿ ಕೇಳಿದ ಅಜ್ಜಿ

ನಮ್ಮ ತುಳುನಾಡಿನ ಹಳ್ಳಿಗಳಲ್ಲಿ ಹೊಸ ಹೆಂಗಸೊಬ್ಬಳು ಬಸ್ಸಿನಿಂದ ಇಳಿದರೆ ಹೆಸರನ್ನು ಸಾವಕಾಶವಾಗಿ ಕೇಳುತ್ತಾರೆ. ಮೊದಲು ಕೇಳುವುದು ಯಾವ ಊರು, ಯಾರ ಪೈಕಿ, ಬರಿ ಯಾವುದು ಎಂದು. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ಬರಿ ಎಂದರೆ ಕನ್ನಡದಲ್ಲಿ ಬಳಿ. ಗೋತ್ರದಂತೆಯೇ, ಆದರೆ ಅಳಿಯಸಂತಾನದವರಲ್ಲಿ ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬರಿಯ ಗಂಡು ಹೆಣ್ಣು ಅಣ್ಣ ತಂಗಿಯರು, ಅವರೊಳಗೆ ಮದುವೆ ಇಲ್ಲ. ಬರಿ ಗೊತ್ತಾದರೆ ನಿಮ್ಮನ್ನು ಎಲ್ಲಿ ಕೂರಿಸಬೇಕು, ಏನೆಂದು ಕರೆಯಬೇಕು ಎಂಬುದೆಲ್ಲ ತನ್ನಷ್ಟಕ್ಕೇ ತೀರ್ಮಾನವಾಗುತ್ತದೆ.

1987ರ ಮಳೆಗಾಲದಲ್ಲಿ ನಾನು ಶಾಲಾ ಶಿಕ್ಷಕಿಯಾಗಿ ಕೊಲ್ಲಮೊಗ್ರಿಗೆ ಬಂದಾಗ ಈ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ನನ್ನಲ್ಲಿ ಸರಿಯಾದ ಉತ್ತರವಿತ್ತು. ಊರು ಮಂಗಳೂರು, ಜೆಪ್ಪು. ಸುಳ್ಯದಿಂದ ಗುತ್ತಿಗಾರು ದಾಟಿ, ಹರಿಹರ ಪಲ್ಲತ್ತಡ್ಕದ ಮೇಲೆ ಹೋದರೆ ಕೊಲ್ಲಮೊಗ್ರು. ಅದರಾಚೆ ಕಲ್ಮಕಾರು, ಆಮೇಲೆ ಘಟ್ಟದ ಕಾಡು. ಮಳೆ ಹಿಡಿದರೆ ಹೊಳೆಯ ಸದ್ದು ಬಿಟ್ಟು ಬೇರೇನೂ ಕೇಳದು. ಅಡಿಕೆ ತೋಟವಿರುವ ಗೌಡರ ಮನೆಯೊಂದರ ಹೊರಗಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಮನೆಯ ಯಜಮಾನ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಮನೆಮಾತು ಅರೆಭಾಷೆ, ನನ್ನದು ತುಳು. ಇಬ್ಬರೂ ಕನ್ನಡದಲ್ಲಿ ಶುರುಮಾಡಿ ಅರ್ಧ ದಾರಿಯಲ್ಲಿ ತುಳುವಿಗೆ ಜಾರುತ್ತಿದ್ದೆವು.

ಊರವರಿಗೆ ಸಮಸ್ಯೆಯಾದದ್ದು ನಾನು ಎಂಥ ಕ್ರಿಸ್ತಿಯನಳು ಎಂಬುದು. ಅವರಿಗೆ ಗೊತ್ತಿದ್ದವರು ಎರಡು ಬಗೆ. ಕೊಂಕಣಿ ಮಾತಾಡುವ ಕೆಥೊಲಿಕರು ಒಂದು, ಕೇರಳದಿಂದ ಬಂದು ರಬ್ಬರು ಹಾಕಿದವರು ಇನ್ನೊಂದು. ನನಗೆ ಕೊಂಕಣಿ ಬಾರದು, ಮಲಯಾಳವೂ ಬಾರದು. ಕುತ್ತಿಗೆಯಲ್ಲಿ ಶಿಲುಬೆಯಿಲ್ಲ, ಗೋಡೆಯ ಮೇಲೆ ಮಾತೆ ಮರಿಯಮ್ಮನ ಪಟವಿಲ್ಲ. ಮಾತಾಡಿದರೆ ಶುದ್ಧ ತುಳು. "ನೀವು ಹಾಗಾದರೆ ಎಂಥದ್ದು ಟೀಚರೇ?" ಎಂದು ಅಂಗಡಿಯವರು ಒಮ್ಮೆ ಬಹಳ ಮರ್ಯಾದೆಯಿಂದಲೇ ಕೇಳಿದ್ದರು. ಬಾಸೆಲ್ ಮಿಶನ್ ಎಂದೆ. "ಹೋ, ಹಂಚಿನವರು" ಎಂದರು.

ಅಕ್ಕನ ಮನೆಯಲ್ಲಿ ನನಗೆ ಯಾರೂ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಆದರೆ ಚಾ ಕುಡಿದ ಲೋಟವನ್ನು ನಾನೇ ತೊಳೆದು ಜಗಲಿಯ ತುದಿಯಲ್ಲಿ ಕವುಚಿ ಇಡುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತಂಬಿಲದ ದಿನ, ಅಗೆಲು ಬಡಿಸುವ ದಿನ ನಾನು ಕೋಣೆಯ ಬಾಗಿಲು ಹಾಕಿ ಪರೀಕ್ಷೆ ಕಾಗದ ತಿದ್ದುತ್ತಿದ್ದೆ. ಆದಿತ್ಯವಾರ ಒಬ್ಬಳೇ ಕುಳಿತು ತುಳು ಗೀತೆ ಹಾಡಿದರೆ ಪಕ್ಕದ ಕೋಣೆಯ ಮಕ್ಕಳು ಪಿಸುಪಿಸು ನಗುತ್ತಿದ್ದವು. ಅವರ ಮಾತಿನಲ್ಲಿ, ಜರ್ಮನಿಯ ರಾಗದಲ್ಲಿ. ನಗು ಬಾರದೆ ಏನು?

ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ಅಡಿಕೆ ಕೆಲಸ. ಕೊಯ್ದು ಅಂಗಳದಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಅಡಿಕೆಯನ್ನು ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು ಸುಲಿಯುತ್ತಾರೆ. ಸುಲಿಯಲು ಬರುತ್ತಿದ್ದವರಲ್ಲಿ ಬಿಲ್ಲವರ ಅಜ್ಜಿಯೊಬ್ಬರಿದ್ದರು. ಎಪ್ಪತ್ತು ದಾಟಿದ್ದರೂ ಅವರ ಕತ್ತಿಗೆ ಹುಡುಗಿಯರು ಸಮ ಬರುತ್ತಿರಲಿಲ್ಲ. ನಾನೂ ಹೊತ್ತು ಹೋಗದೆ ಅಲ್ಲೊಂದು ಮಣೆ ಹಾಕಿ ಕುಳಿತುಕೊಳ್ಳುತ್ತಿದ್ದೆ. ಒಂದು ರಾತ್ರಿ ಅಜ್ಜಿ ತಲೆಯೆತ್ತದೆ ನನ್ನ ಬರಿ ಕೇಳಿದರು.

"ಬಂಗೇರ" ಎಂದೆ. ನನ್ನ ಹೆಸರಿನ ಕೊನೆಯಲ್ಲಿ ಇರುವುದು ಅದೇ.

ಅಜ್ಜಿಯ ಕತ್ತಿ ನಿಂತಿತು. ಅವರ ಬರಿಯೂ ಬಂಗೇರ. ಹಾಗಾದರೆ ನೀನು ನಮ್ಮ ಮಗು ಎಂದು ಅವರು ಹತ್ತಿರ ಸರಿದರು. ಎರಡು ನಿಮಿಷ ನಾನು ಆ ಅಂಗಳದಲ್ಲಿ ಎಲ್ಲರಿಗಿಂತ ಹತ್ತಿರದವಳಾಗಿದ್ದೆ. ಮತ್ತೆ ಅವರು ಸಂಶಯದಿಂದ ಕೇಳಿದರು, "ಅಪ್ಪೆನವಾ, ಅಮ್ಮೆರೆನವಾ?"

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದವರು ಇದಕ್ಕೆ ಯಾವಾಗಲೂ ನಗುತ್ತಾರೆ. ತಂದೆಯದ್ದು ಎಂದೆ. ತಂದೆಯ ಬರಿ ತಂದೆಗೆ, ನಿನ್ನದು ಯಾವುದು ಎಂದರು. ತಾಯಿಯ ಹೆಸರಿನ ಕೊನೆಯಲ್ಲಿದ್ದದ್ದು ಅವಳ ತಂದೆಯದ್ದು. ಅವಳ ತಾಯಿಗೆ ಒಂದು ಬೈಬಲಿನ ಹೆಸರು, ಗಂಡನ ಹೆಸರು, ಅಷ್ಟೆ. ಅದಕ್ಕೂ ಹಿಂದೆ ನನಗೆ ಏನೂ ಗೊತ್ತಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಸಿಟ್ಟಲ್ಲ, ಮರುಕ. ಮತಕ್ಕೆ ಹೋದದ್ದನ್ನು ಅವರು ದೊಡ್ಡ ವಿಷಯ ಮಾಡಲಿಲ್ಲ. ಹೆಣ್ಣಾಗಿ ಬರಿ ಕಳೆದುಕೊಂಡದ್ದು ಹೇಗೆ ಎಂಬುದೇ ಅವರಿಗೆ ತಿಳಿಯದ ಸಂಗತಿ. "ಹುಡುಕು ಮಗಾ" ಎಂದು ಮತ್ತೆ ಅಡಿಕೆ ಕೈಗೆತ್ತಿಕೊಂಡರು.

ಅಂದಿನಿಂದ ನಾನು ನಮ್ಮವರ ಚರಿತ್ರೆಯನ್ನು ಓದತೊಡಗಿದ್ದು. ಅದುವರೆಗೆ ನನಗೆ ಗೊತ್ತಿದ್ದದ್ದು ಆದಿತ್ಯವಾರದ ಶಾಲೆಯಲ್ಲಿ ಕಲಿಸಿದಷ್ಟು.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಮೂರು ವರ್ಷ ಕಳೆಯುವಷ್ಟರಲ್ಲಿ, 1837ರ ಏಪ್ರಿಲಿನಲ್ಲಿ, ಇದೇ ಸುಳ್ಯ ಸೀಮೆಯ ಗೌಡರು ಮತ್ತಿತರರು ಕಂಪೆನಿ ಸರಕಾರದ ವಿರುದ್ಧ ದಂಡೆತ್ತಿ ಹೋಗಿ ಸುಮಾರು ಎರಡು ವಾರ ಮಂಗಳೂರನ್ನು ಹಿಡಿದಿಟ್ಟುಕೊಂಡರು. ಅದೇ ಕಲ್ಯಾಣಪ್ಪನ ಕಾಟಕಾಯಿ, ನಾವು ಈಗ ಅಮರ ಸುಳ್ಯದ ದಂಗೆ ಎನ್ನುವುದು. ಆ ದಂಡಿನಲ್ಲಿ ನಡೆದವರ ಮರಿಮಕ್ಕಳಿಗೆ ನಾನು ಮಗ್ಗಿ ಕಲಿಸುತ್ತಿದ್ದೆ. ನನ್ನ ಹಿರಿಯರಿಗೆ ಅಕ್ಷರ ಕಲಿಸಿದವರು ಆಗ ಮಂಗಳೂರಿನಲ್ಲಿ ಇನ್ನೂ ಹೊಸಬರು. ಪಾಠ ಮಾಡುವಾಗ ಈ ನೆನಪು ಬಂದರೆ ನನ್ನಷ್ಟಕ್ಕೆ ನಗುತ್ತಿದ್ದೆ.

ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರೇ ಬಹಳ. ಅವರಿಗೆ ದೇವಸ್ಥಾನದ ಒಳಗೆ ಪ್ರವೇಶವಿರಲಿಲ್ಲ. ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು 1912ರಲ್ಲಿ. ನನ್ನ ಹಿರಿಯರು ಅಷ್ಟು ಕಾಯಲಿಲ್ಲ. ಅವರಿಗಿದ್ದದ್ದು ಭೂತಗಳ ಭಯಭಕ್ತಿ, ಹರಕೆಯ ಖರ್ಚು, ಸಾಲ. ಬಿಡುಗಡೆ ಎಂದು ಒಬ್ಬ ಹೇಳಿದಾಗ ಮನಸ್ಸು ಹೋಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸೇರಿದ ಮರುದಿನವೇ ಅವರು ಎಲ್ಲಿಯವರೂ ಅಲ್ಲದವರಾದರು. ಮನೆಯವರು ಹೊರಗೆ ಹಾಕಿದರು. ಶೇಂದಿ ತೆಗೆಯುವುದು ಪಾಪ ಎಂದು ಮಿಶನ್ ಬಿಡಿಸಿತು, ಕುಲಕಸುಬು ಹೋಯಿತು. ಹೊಟ್ಟೆಗೇನು? ಅದಕ್ಕಾಗಿ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಬಂತು. ಮಂಗಳೂರು ಹಂಚು ಎಂದು ನಾವು ಹೆಮ್ಮೆಪಡುವುದರ ಹಿಂದೆ ಹೀಗೆ ಮನೆ ಬಿಟ್ಟವರ ಬೆವರಿದೆ.

ಕಾಯಿದೆ ಏನೋ ಅವರ ಪರವಾಗಿಯೇ ಇತ್ತು. ಮತ ಬದಲಿಸಿದ ಅಥವಾ ಜಾತಿಯಿಂದ ಹೊರಬಿದ್ದ ಮಾತ್ರಕ್ಕೆ ಯಾರ ಆಸ್ತಿ ಹಕ್ಕೂ ಹೋಗಬಾರದು ಎಂದು 1850ರಲ್ಲೇ ಕಂಪೆನಿ ಸರಕಾರ 21ನೆಯ ಕಾಯಿದೆ ಮಾಡಿತ್ತು. ಆದರೆ ಅಳಿಯಸಂತಾನದಲ್ಲಿ ಆಸ್ತಿ ಇಡೀ ಕುಟುಂಬದ್ದು. ನನ್ನ ಪಾಲು ಬೇರೆ ಮಾಡಿ ಕೊಡಿ ಎಂದು ಒಬ್ಬರು ಕೇಳಿದರೆ ಕೊಡಬೇಕೆಂಬ ಕಟ್ಟಳೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ತನಕ ಇರಲಿಲ್ಲ. ಒಟ್ಟಿಗೆ ಕುಳಿತು ಉಣ್ಣುವವರಿಗೆ ಅನ್ನ ಉಂಟು. ಎದ್ದು ಹೋದವಳಿಗೆ ಯಾವ ಕೋರ್ಟು ಬಟ್ಟಲು ತಂದುಕೊಟ್ಟೀತು?

ಇಲ್ಲಿ ಒಂದು ಸಂಗತಿಯನ್ನು ನಮ್ಮ ಹೆಂಗಸರು ಗಮನಿಸಬೇಕು. ಅಳಿಯಸಂತಾನದ ಹೆಣ್ಣಿಗೆ ಗಂಡ ಸರಿಯಿಲ್ಲದಿದ್ದರೆ, ಸತ್ತರೆ, ತಾಯಿಮನೆ ಎಂಬುದೊಂದು ಇದ್ದೇ ಇತ್ತು. ಅದು ತವರಲ್ಲ, ಅವಳದೇ ಮನೆ. ಮಕ್ಕಳೂ ಆ ಮನೆಯವೇ. ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲಿರುತ್ತಿತ್ತು, ಅದು ಸ್ವರ್ಗವೇನೂ ಆಗಿರಲಿಲ್ಲ. ಆದರೂ ಬೇರು ಅವಳದು. ಮಿಶನ್ನಿನ ಪಾದ್ರಿಗಳಿಗೆ ಇದು ಅರ್ಥವಾಗುವಂಥದ್ದಲ್ಲ. ಅವರು ಜರ್ಮನಿಯ, ಸ್ವಿಜರ್ಲೆಂಡಿನ ಹಳ್ಳಿಗಳಿಂದ ಬಂದವರು. ಕುಟುಂಬವೆಂದರೆ ಗಂಡ, ಅವನ ಹೆಂಡತಿ, ಅವನ ಮಕ್ಕಳು. ಬಂಗೇರ, ಕೋಟ್ಯಾನ್, ಸಾಲ್ಯಾನ್, ಕರ್ಕೇರ ಎಂಬ ಬರಿಗಳನ್ನು ನಮ್ಮವರು ಬಿಡಲಿಲ್ಲ, ಆದರೆ ಅವು ಗಂಡಿನ ಕಡೆಯಿಂದ ಇಳಿಯುವ ಮನೆತನದ ಹೆಸರುಗಳಾದವು. ತಾಯಿಯ ಕೈಯಲ್ಲಿದ್ದ ಹಗ್ಗದ ತುದಿಯನ್ನು ತಂದೆಯ ಕೈಗೆ ಕೊಟ್ಟಂತಾಯಿತು. ಒಂದು ತಲೆಮಾರಿನಲ್ಲೇ ಹೆಣ್ಣುಮಕ್ಕಳು ಇಂಥವನ ಮಗಳು, ಇಂಥವನ ಹೆಂಡತಿ ಎಂದಾದರು.

ಪಡೆದದ್ದೇ ಇಲ್ಲ ಎಂದರೆ ಸುಳ್ಳಾದೀತು. 1865ರ ಉತ್ತರಾಧಿಕಾರ ಕಾಯಿದೆಯಂತೆ ಕ್ರಿಸ್ತಿಯನ್ ತಂದೆ ಉಯಿಲು ಬರೆಯದೆ ತೀರಿದರೆ ಮಗಳಿಗೂ ಮಗನಿಗೂ ಸಮಪಾಲು. ಅಕ್ಷರವನ್ನಂತೂ ಮಿಶನ್ ಹೆಣ್ಣುಮಕ್ಕಳಿಗೂ ಕಲಿಸಿತು. ನನ್ನ ಅಜ್ಜಿ ಕನ್ನಡ ಬೈಬಲನ್ನು ಕನ್ನಡಕವಿಲ್ಲದೆ ಓದುತ್ತಿದ್ದಳು. ಆದರೆ ಹಂಚಿನ ಕಾರ್ಖಾನೆಯಲ್ಲಿ ಕೂಲಿಯಾದವನ ಆಸ್ತಿಯಲ್ಲಿ ಸಮಪಾಲು ಎಂದರೆ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಮೇಲುಜಾತಿಯಿಂದ ಬಂದವರ ಕಥೆ ಇನ್ನೊಂದು. ಸಾರಸ್ವತರ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರೇ ಅಲ್ಲೋಲಕಲ್ಲೋಲವಾಯಿತು. ಮುಂದೆ ಅವರು ಬಾಸೆಲಿನಲ್ಲಿ ಓದಿ 1851ರಲ್ಲಿ ಪಾದ್ರಿಯಾದರು. ಎಳೆಯ ಹೆಂಡತಿ ಅವರೊಡನೆ ಬರಲಿಲ್ಲ. 1860ರಲ್ಲಿ ಅವರು ಜರ್ಮನಿಯ ಮೇರಿ ರೈನ್‌ಹಾರ್ಟಳನ್ನು ಮದುವೆಯಾದರು. ಮತಾಂತರಗೊಂಡವರ ಹಳೆಯ ಮದುವೆಯನ್ನು ಬಿಡಿಸುವ ಕಾಯಿದೆ ಬಂದದ್ದು 1866ರಲ್ಲಿ. ಕೌಂಡಿನ್ಯರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬರೆಯಬೇಕಾದವರೇ. ನನಗೆ ಮಾತ್ರ ಓದುವಾಗಲೆಲ್ಲ ಮನೆಯೊಳಗೇ ಉಳಿದ ಆ ಹುಡುಗಿಯ ಬಳೆ, ಕುಂಕುಮ, ಹಬ್ಬದ ದಿನಗಳು ಕಣ್ಣಿಗೆ ಬರುತ್ತವೆ. ಗಂಡ ಬದುಕಿದ್ದಾನೆ, ಅದೇ ಊರಿನಲ್ಲಿದ್ದಾನೆ. ಹೊರಗಿನವಳಾದದ್ದು ಯಾರು?

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವರು ಸುಲಿಯುತ್ತ ಕೋಟಿ ಚೆನ್ನಯರ ಪಾಡ್ದನ ಹಾಡುತ್ತಿದ್ದರು. ಕೇಳುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಆ ರಾಗ ನನಗೆ ಗೊತ್ತಿತ್ತು! ಜೆಪ್ಪುವಿನ ಮನೆಯಲ್ಲಿ ನನ್ನ ಅಜ್ಜಿ ಅಕ್ಕಿ ಗೇರುವಾಗ ಶಬ್ದವಿಲ್ಲದೆ ಗುನುಗುತ್ತಿದ್ದದ್ದು ಅದೇ. ಪದ ಯಾಕಿಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಪದ ಮರೆತು ಹೋಗಿದೆ ಎಂದಿದ್ದಳು. ಮರೆತದ್ದೋ, ಬಾಯಿ ಬಿಡಲು ಹೆದರಿದ್ದೋ.

ಪಂಜ, ಎಣ್ಮೂರುಗಳೆಲ್ಲ ಆಗ ಇದೇ ಸುಳ್ಯ ತಾಲೂಕಿನಲ್ಲಿದ್ದವು. ದೇಯಿ ಬೈದೆತಿಯ ಅವಳಿ ಮಕ್ಕಳು ಕೋಟಿ ಚೆನ್ನಯರು ಮಡಿದದ್ದು ಎಣ್ಮೂರಿನಲ್ಲಿ, ಅಲ್ಲಿ ಅವರ ಗರಡಿಯಿದೆ. ಅದಕ್ಕೆ ಮೊದಲು ಅವರು ಊರು ಬಿಟ್ಟು ಪಂಜಕ್ಕೆ ಬಂದಾಗ ಪಯ್ಯ ಬೈದ್ಯನ ಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗಿರುವವಳು ಕಿನ್ನಿದಾರು, ಅವರದೇ ಅಕ್ಕ. ಪರಸ್ಪರ ಪರಿಚಯವಿಲ್ಲ. ನೀವು ಯಾರು, ತಾಯಿ ಯಾರು ಎಂಬ ಮಾತಿನಿಂದ ಮಾತಿಗೆ ಹೋಗಿ ಒಡಹುಟ್ಟಿದವರೆಂದು ತಿಳಿಯುತ್ತದೆ. ಈ ಭಾಗ ಬಂದಾಗ ಅಜ್ಜಿ ಹಾಡು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು, "ಕೇಳಬೇಕು ಮಗಾ, ಕೇಳದೆ ಗೊತ್ತಾಗುವುದಿಲ್ಲ."

ಇನ್ನೊಂದು ವಿಚಿತ್ರ ನೋಡಿ. ಭೂತಗಳನ್ನು ಬಿಡಿ ಎಂದ ಮಿಶನ್ನಿನವರೇ ಆ ಭೂತಗಳ ಪಾಡ್ದನಗಳನ್ನು ಮೊದಲಾಗಿ ಅಚ್ಚು ಹಾಕಿದವರು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಬಂತು, ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ. 1886ರಲ್ಲಿ ಮ್ಯಾನರ್ ಪಾದ್ರಿ ತುಳು ನಿಘಂಟನ್ನೂ ಪಾಡ್ದನಗಳ ಸಂಗ್ರಹವನ್ನೂ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚು ಮಾಡಿಸಿದರು. ಸರಕಾರಿ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ್ದು ಅವರು ತೀರಿಕೊಂಡ ಮೇಲೆ 1894ರಿಂದ ಪತ್ರಿಕೆಯಲ್ಲಿ ಬಂತು, ಅದಕ್ಕೆ ಕೊಟ್ಟ ಹೆಸರು ‘ತುಳುವರ ದೆವ್ವದ ಪೂಜೆ’ ಎಂದು. ನನ್ನ ಅಜ್ಜಿ ಬಾಯಿಂದ ಒರೆಸಿಹಾಕಿದ ಪದಗಳು ನಮ್ಮ ಬಲ್ಮಠದ ಕಪಾಟಿನಲ್ಲಿ ಕಾಗದದ ಮೇಲೆ ಕ್ಷೇಮವಾಗಿದ್ದವು.

ಎರಡನೆಯ ವರ್ಷ ಊರಿನಲ್ಲಿ ವಿಷ್ಣುಮೂರ್ತಿಯ ಒತ್ತೆಕೋಲ. ಸುಳ್ಯದ ಕಡೆ ಇದು ದೊಡ್ಡ ಸಂಭ್ರಮ. ಕಟ್ಟಿಗೆಯ ರಾಶಿ ಉರಿದು ಗುಡ್ಡದಂತೆ ಕೆಂಡವಾಗಿ, ಬೆಳಗಿನ ಜಾವಕ್ಕೆ ದೈವ ಅದರ ಮೇಲೆ ಬೀಳುತ್ತದೆ. ನೋಡಲು ಹೋಗಬೇಕೋ ಬೇಡವೋ ಎಂದು ನಾನು ವಾರವಿಡೀ ಒದ್ದಾಡಿದೆ. ಹೋದರೆ ನನ್ನವರಿಗೆ ತಪ್ಪು, ಹೋಗದಿದ್ದರೆ ಅನ್ನ ಕೊಟ್ಟವರಿಗೆ ಬೇಸರ. ಮಕ್ಕಳು ಬಂದು ಕೈ ಹಿಡಿದು ಎಳೆದವು, ಹೋದೆ. ಹೆಂಗಸರಿಂದ ಸ್ವಲ್ಪ ದೂರ, ಅಡಿಕೆ ಮರಕ್ಕೆ ಒರಗಿ ನಿಂತೆ. ಎದುರಿಗೆ ಚಾವಡಿ. ಮಾಡಿನ ಅಂಚಿನಲ್ಲಿ ಹಂಚೊಂದು ಜಾರಿತ್ತು, ಬೆಂಕಿಯ ಬೆಳಕಿಗೆ ಅದರ ಮೇಲಿನ ಅಕ್ಷರ ಕಾಣಿಸಿತು. ನಮ್ಮ ಮಿಶನ್ನಿನದೇ ಮುದ್ರೆ. ದೈವದ ತಲೆಯ ಮೇಲೆ ನಮ್ಮವರು ಸುಟ್ಟ ಹಂಚು!

ಅಜ್ಜಿ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತರು. ಈ ದೈವ ಎಲ್ಲಿಯದು ಗೊತ್ತುಂಟಾ ಎಂದರು. ಇಲ್ಲ ಎಂದೆ. ಅವರು ಹೇಳಿದ ಕಥೆ ಇದು. ನೀಲೇಶ್ವರದ ಕಡೆಯ ಪಾಲಂತಾಯಿ ಕಣ್ಣನೆಂಬ ಬಡ ಹುಡುಗ ಒಡೆಯನ ಸಿಟ್ಟಿಗೆ ಹೆದರಿ ಊರು ಬಿಟ್ಟು ಓಡುತ್ತಾನೆ. ಮಂಗಳೂರಿಗೆ ಬಂದಾಗ ಒಬ್ಬ ಮುದುಕಿ ಅನ್ನ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಅಲ್ಲಿ ಅವನು ವಿಷ್ಣುಮೂರ್ತಿಯ ಸೇವೆ ಮಾಡಿ, ವರ್ಷಗಳ ಮೇಲೆ ದೈವದ ಸುರಿಗೆಯೊಂದಿಗೆ ಊರಿಗೆ ಮರಳುವಾಗ ಒಡೆಯ ಅವನನ್ನು ಕಡಿದುಹಾಕುತ್ತಾನೆ. ಆಮೇಲೆ ದೈವದ ಕೋಪ, ಕಟ್ಟು ಕಟ್ಟಳೆ ಎಲ್ಲ. "ಮುದುಕಿಯ ಮನೆ ಇದ್ದದ್ದು ಜೆಪ್ಪು ಕುಡುಪಾಡಿಯಲ್ಲಿ. ನಿನ್ನ ಊರು" ಎಂದರು ಅಜ್ಜಿ.

ಜೆಪ್ಪುವಿನಲ್ಲೇ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಕೇರಿಯ ಮಟ್ಟಿಗೆ ಜೆಪ್ಪು ಎಂದರೆ ಕಾರ್ಖಾನೆಯ ಕೊಳವೆ, ಇಗರ್ಜಿಯ ಗಂಟೆ, ಅಷ್ಟೆ. ಕೊಲ್ಲಮೊಗ್ರಿಗೆ ಆ ದೈವವೂ ಹೊರಗಿನದು. ಆಲೋಚಿಸಿದರೆ ಗೌಡರ ಹಿರಿಯರೂ ಘಟ್ಟದ ಮೇಲಿನ ಐಗೂರು ಸೀಮೆಯಿಂದ ಬಂದವರು ಎಂದೇ ಅವರಲ್ಲಿ ಹೇಳಿಕೆ. ಹತ್ತು ಕುಟುಂಬ ಹದಿನೆಂಟು ಗೋತ್ರವನ್ನು ಜತೆಗೆ ತಂದು, ಇಲ್ಲಿನ ಮಣ್ಣಿನ ಭೂತಗಳಿಗೆ ಕೈಮುಗಿದರು. ಅವರಿಗಿಂತ ಮೊದಲೇ ಇದ್ದ ಮಲೆಕುಡಿಯರು ಸುಬ್ರಹ್ಮಣ್ಯದ ದೊಡ್ಡ ತೇರನ್ನು ಇಂದಿಗೂ ಹಗ್ಗವಿಲ್ಲದೆ ಬೆತ್ತದಿಂದಲೇ ಕಟ್ಟುತ್ತಾರೆ. ಆದರೆ ಇಷ್ಟರಿಂದ ನನ್ನ ಇಕ್ಕಟ್ಟು ತೀರಲಿಲ್ಲ. ಅವರೆಲ್ಲ ಬಂದವರು ಕೈಮುಗಿದರು. ನನಗೆ ಕೈಮುಗಿಯಲು ಆಗುತ್ತಿರಲಿಲ್ಲ. ಅದು ಜಂಬವಲ್ಲ, ನಂಬದೆ ಮುಗಿದರೆ ಅವರಿಗೂ ಮೋಸ, ನನಗೂ ಮೋಸ.

ಬೆಳಿಗ್ಗೆ ಅರಸಿನ ಹುಡಿಯ ಪ್ರಸಾದ ಕೊಡುವಾಗ ಎಲ್ಲರೂ ಮುಂದೆ ಹೋದರು. ನಾನು ನಿಂತಲ್ಲೇ ನಿಂತೆ. ಯಾರೂ ಕರೆಯಲಿಲ್ಲ, ಅದು ಅವರ ದೊಡ್ಡತನ. ಮನೆಗೆ ಬಂದ ಮೇಲೆ ಅಕ್ಕ ಎಲೆಯಲ್ಲಿ ಸ್ವಲ್ಪ ಅರಸಿನ ತಂದು ನನ್ನ ಕಿಟಕಿಯ ದಂಡೆಯ ಮೇಲೆ ಇಟ್ಟರು. "ನೀವು ಹಾಕುವುದು ಬೇಡ ಟೀಚರೇ. ಮನೆಯಲ್ಲಿ ಇರಲಿ" ಎಂದರು. ನಾನು ಹಣೆಗೆ ಹಚ್ಚಲಿಲ್ಲ, ಬಿಸಾಡಲೂ ಇಲ್ಲ. ಬಹಳ ದಿನ ಅಲ್ಲೇ ಇತ್ತು. ಅರಸಿನಕ್ಕೆ ಇರುವೆ ಬರುವುದಿಲ್ಲ. ಮರುದಿನ ನಾನು ಲೋಟ ತೊಳೆಯಲು ಎದ್ದಾಗ ಅಕ್ಕ ಕೈಯಿಂದ ಕಸಿದುಕೊಂಡು ಒಳಗೆ ಒಯ್ದರು, ಒಂದು ಮಾತೂ ಆಡದೆ.

ಆ ತಿಂಗಳು ಪೇಟೆಯ ಒಂದು ಸಭೆಗೆ ಆರಾಧನೆಗೆ ಹೋದಾಗ ಹಿರಿಯರೊಬ್ಬರು ಹೊರಗೆ ನಿಲ್ಲಿಸಿ, "ಕೋಲಕ್ಕೆ ಹೋಗಿದ್ದಿಯಂತೆ, ನಿನ್ನ ಹಿರಿಯರು ಏನೆಲ್ಲ ಕಳೆದುಕೊಂಡು ಬಂದರು ಎಂದು ಗೊತ್ತುಂಟಾ?" ಎಂದು ಕೇಳಿದರು. ಗೊತ್ತುಂಟು, ಅದನ್ನೇ ಹುಡುಕುತ್ತಿದ್ದೇನೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಕೆಲವು ತಿಂಗಳು ಆ ಕಡೆ ಹೋಗಲೂ ಇಲ್ಲ. ಅವರ ಮೇಲೆ ಈಗ ಸಿಟ್ಟಿಲ್ಲ. ಹೊರಗೆ ಹಾಕಿಸಿಕೊಂಡವರ ಮಕ್ಕಳಿಗೆ ಬಾಗಿಲು ಭದ್ರವಾಗಿದೆಯೋ ಎಂದು ಮತ್ತೆ ಮತ್ತೆ ನೋಡುವ ಅಭ್ಯಾಸವಿರುತ್ತದೆ.

1994ರಲ್ಲಿ ವರ್ಗವಾಗಿ ಮಂಗಳೂರಿಗೆ ಬಂದೆ. ಹೊರಡುವ ದಿನ ಅಜ್ಜಿ ಬಸ್ಸಿನ ತನಕ ಬಂದು, ಸಿಕ್ಕಿದರೆ ಕಾಗದ ಹಾಕು ಎಂದರು. ಅವರಿಗೆ ಓದಲು ಬಾರದು. ಅಕ್ಕ ಓದಿ ಹೇಳುತ್ತಾರೆ ಎಂಬ ಲೆಕ್ಕ.

ನಿವೃತ್ತಿಯ ಮೇಲೆ ಹಳೆಯ ರಿಜಿಸ್ಟರುಗಳನ್ನು ನೋಡಲು ಅವಕಾಶ ಸಿಕ್ಕಿತು. ನನ್ನ ತಾಯಿಯ ಅಜ್ಜಿಯ ಅಜ್ಜಿಯ ಹೆಸರು ಒಂದು ಸಾಲಿನಲ್ಲಿತ್ತು. ದೀಕ್ಷಾಸ್ನಾನದ ದಿನ, ಬೈಬಲಿನ ಹೆಸರು, ಗಂಡನ ಹೆಸರು, ಗಂಡನ ಕೆಲಸ. ಅಕ್ಷರ ಮುತ್ತಿನಂತಿದೆ. ಹಳೆಯ ಹೆಸರಿಲ್ಲ, ತಾಯಿಯ ಹೆಸರಿಲ್ಲ. ಬರಿಗೆಂದು ಒಂದು ಕಲಮೇ ಇರಲಿಲ್ಲ. ತೊಂಬತ್ತು ದಾಟಿದ ನನ್ನ ದೊಡ್ಡಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಕಣ್ಣು ಮುಚ್ಚಿ, "ಅಜ್ಜಿ ಗರಡಿಯ ದಾರಿಯಲ್ಲಿ ಹೋಗುವಾಗ ತಲೆಗೆ ಸೆರಗು ಹೊದ್ದು ನೆಲ ನೋಡುತ್ತಿದ್ದಳು, ಆದರೆ ಕಾಲು ನಿಧಾನವಾಗುತ್ತಿತ್ತು" ಎಂದಳು. ಬರಿ? "ಕರ್ಕೇರವೋ ಕೋಟ್ಯಾನೋ. ಒಮ್ಮೆ ಜಗಳದಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು."

2022ರ ಆಗಸ್ಟಿನಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರದ ಕಡೆ ಗುಡ್ಡ ಜರಿದು, ಹೊಳೆ ಉಕ್ಕಿ ಸೇತುವೆಗಳಿಗೆಲ್ಲ ಹಾನಿಯಾಯಿತು ಎಂಬ ಸುದ್ದಿ ನೋಡಿ ಅಕ್ಕನಿಗೆ ಫೋನು ಮಾಡಿದೆ. ನಾಲ್ಕು ದಿನ ತಗಲಿರಲಿಲ್ಲ, ಐದನೆಯ ದಿನ ಸಿಕ್ಕಿತು. ಜನಕ್ಕೆ ಏನೂ ಆಗಿಲ್ಲ, ತೋಟಕ್ಕೆ ಮಣ್ಣು ನುಗ್ಗಿದೆ ಎಂದರು. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಕೆಸರು ತೆಗೆಯಲು ಬಂದಿದ್ದ ಅವರ ಮಗಳ ಕೈಗೆ ಫೋನು ಕೊಟ್ಟರು. ಅವಳೂ ಈಗ ಅಜ್ಜಿಯೇ. "ಟೀಚರೇ, ಬರಿ ಸಿಕ್ಕಿತಾ? ಅಮ್ಮ ಕೊನೆಗೂ ಕೇಳುತ್ತಿದ್ದಳು" ಎಂದಳು.

ದೊಡ್ಡಮ್ಮ ಹೇಳಿದ ಎರಡು ಹೆಸರನ್ನೂ ಹೇಳಿದೆ, ಯಾವುದೆಂದು ಖಚಿತವಿಲ್ಲ ಎಂದೂ ಹೇಳಿದೆ.

"ಕರ್ಕೇರ ಆದರೆ ನಮ್ಮ ಯಜಮಾನರದ್ದು. ಕೋಟ್ಯಾನ್ ಆದರೆ ನನ್ನ ಸೊಸೆಯದ್ದು" ಎಂದಳು ಅವಳು. "ಯಾವುದಾದರೂ ಇಲ್ಲಿ ಜನ ಇದ್ದಾರೆ. ಯಾವಾಗ ಬರುತ್ತೀರಿ?"

ಅಡಿಕೆ ಸುಲಿಯುವ ಹೊತ್ತಿಗೆ ಬರುತ್ತೇನೆ ಎಂದೆ.